ಡಿಸಿ ಮತ್ತು ಮಾರ್ವೆಲ್ ಮುಖಾಮುಖಿಯ ಮೂರನೆಯ ಸಂಚಿಕೆ: ಓದುಗರ ಮತ ಮತ್ತು ಮುನಿಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೆಡ್‌ಪೂಲ್ ಮತ್ತು ಬ್ಯಾಟ್‌ಮ್ಯಾನ್ ಎದುರಾಗುವ ಸಂಚಿಕೆಯೊಂದನ್ನು ಅಮೆರಿಕದ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಮಾರ್ವೆಲ್ 2025ರ ಸೆಪ್ಟೆಂಬರ್‌ನಲ್ಲಿ ಹೊರತಂದಿತು. ಅದೇ ಜೋಡಿಯ ತನ್ನ ಸಂಚಿಕೆಯನ್ನು ಅದರ ಪೈಪೋಟಿದಾರ ಸಂಸ್ಥೆ ಡಿಸಿ ನವೆಂಬರ್‌ನಲ್ಲಿ ಪ್ರಕಟಿಸಿತು. ಎರಡು ದಶಕಗಳ ಬಳಿಕ ಎರಡೂ ಸಂಸ್ಥೆಗಳ ನಾಯಕರು ಹೊಸ ಕಾಮಿಕ್ಸ್ ಕಥೆಯೊಂದರಲ್ಲಿ ಒಟ್ಟಿಗೆ ಕಾಣಿಸಿಕೊಂಡಾಗ, ಯಾರು ಯಾರನ್ನು ಸೋಲಿಸಬಲ್ಲರು ಎಂಬ ಹಳೆಯ ವಾದವೂ ಅವರ ಬೆನ್ನಿಗೇ ಬರುವುದು ಸಹಜ. ಆ ವಾದಕ್ಕಿಳಿದವರು ಸಾಕ್ಷಿಯೆಂದು ಮತ್ತೆ ಮತ್ತೆ ಮುಂದಿಡುವುದು ಎರಡೂ ಸಂಸ್ಥೆಗಳ ಪಾತ್ರಗಳು ಒಂದೇ ಕಥೆಯಲ್ಲಿ ಸೇರುವ 1996ರ ಕ್ರಾಸ್‌ಓವರ್ ಮಾಲಿಕೆಯ ಮೂರನೆಯ ಸಂಚಿಕೆಯನ್ನು. ಇಂಗ್ಲಿಷ್ ಕಾಮಿಕ್ಸ್ ಓದುವ ಕನ್ನಡಿಗರೂ, ಸಿನಿಮಾಗಳ ಮೂಲಕ ಈ ನಾಯಕರನ್ನು ಬಲ್ಲ ಹೊಸಬರೂ ಆ ಸಂಚಿಕೆಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಥೆಯ ತಿರುವುಗಳನ್ನೆಲ್ಲ ಬಿಚ್ಚಿ ಹೇಳಿರುವುದರಿಂದ, ಮೊದಲು ಕಥೆಯನ್ನೇ ಓದಬೇಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಈ ಮಾಲಿಕೆಯನ್ನು ಯಾರು ರಚಿಸಿದರು, ಯಾರು ಪ್ರಕಟಿಸಿದರು?

ಇದು ನಾಲ್ಕು ಸಂಚಿಕೆಗಳ ಮಾಲಿಕೆ. ಒಂದನೆಯ ಮತ್ತು ನಾಲ್ಕನೆಯ ಸಂಚಿಕೆಗಳನ್ನು ಡಿಸಿ ತನ್ನ ಹೆಸರನ್ನು ಮೊದಲಿಟ್ಟು ಪ್ರಕಟಿಸಿತು. ನಡುವಿನ ಎರಡನ್ನು ಮಾರ್ವೆಲ್ ತನ್ನ ಹೆಸರನ್ನು ಮುಂದೆ ಮಾಡಿ ಪ್ರಕಟಿಸಿತು. ರಾನ್ ಮಾರ್ಜ್ ಮತ್ತು ಪೀಟರ್ ಡೇವಿಡ್ ಕಥೆಯನ್ನು ಹಂಚಿಕೊಂಡು ಬರೆದರೆ, ಡ್ಯಾನ್ ಜರ್ಗನ್ಸ್ ಮತ್ತು ಇಟಲಿಯ ಕ್ಲಾಡಿಯೊ ಕಾಸ್ಟೆಲ್ಲಿನಿ ಚಿತ್ರ ಬರೆದರು. ಎರಡು ಸಂಸ್ಥೆಗಳ ಕಥಾವಿಶ್ವಗಳ ಮೂರ್ತರೂಪದಂತಿರುವ ಇಬ್ಬರು ಸೋದರರು ಯುಗಾಂತರದ ನಿದ್ದೆಯಿಂದ ಎಚ್ಚೆತ್ತು, ಪರಸ್ಪರರ ಇರವನ್ನೇ ಸಹಿಸಲಾರದೆ, ತಂತಮ್ಮ ವಿಶ್ವದ ವೀರರನ್ನು ಜೋಡಿ ಜೋಡಿಯಾಗಿ ಕಾದಾಟಕ್ಕೆ ನಿಲ್ಲಿಸುತ್ತಾರೆ. ಒಟ್ಟು ಹನ್ನೊಂದು ಕಾಳಗಗಳು; ಹೆಚ್ಚು ಕಾಳಗಗಳಲ್ಲಿ ಸೋತ ವಿಶ್ವ ಅಳಿದುಹೋಗಬೇಕು ಎಂಬುದು ಪಂಥ.

ಕಥೆ ಇಷ್ಟೇ, ಮತ್ತು ಇದನ್ನು ಯಾರೂ ಕಥೆಗಾಗಿ ಕೊಳ್ಳಲಿಲ್ಲ. ಅಮೆರಿಕದ ಕಾಮಿಕ್ಸ್ ಮಾರುಕಟ್ಟೆ ಆಗ ಇಳಿಜಾರಿನಲ್ಲಿತ್ತು. ಮುಂದೆ ಬೆಲೆ ಬರುತ್ತದೆಂದು ಪ್ರತಿಗಳನ್ನು ಕೊಂಡು ಕೂಡಿಟ್ಟ ತೊಂಬತ್ತರ ದಶಕದ ಆರಂಭದ ಹುಚ್ಚು ಇಳಿದು ಅಂಗಡಿಗಳು ಮುಚ್ಚತೊಡಗಿದ್ದವು, ಮತ್ತು ಅದೇ 1996ರ ಡಿಸೆಂಬರ್ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಇಬ್ಬರು ಪೈಪೋಟಿದಾರರು ಕೈಜೋಡಿಸಿದ್ದರ ಹಿಂದೆ ಸ್ನೇಹಕ್ಕಿಂತ ಗ್ರಾಹಕರನ್ನು ಮತ್ತೆ ಅಂಗಡಿಗೆ ಕರೆತರುವ ಅಗತ್ಯ ದೊಡ್ಡದಾಗಿತ್ತು ಎಂದು ಈ ದಿನಾಂಕಗಳನ್ನು ನೋಡಿದರೇ ಅನ್ನಿಸುತ್ತದೆ.

ಓದುಗರು ಯಾವ ಕಾಳಗಗಳಿಗೆ ಮತ ಹಾಕಿದರು? ಫಲಿತಾಂಶವೇನು?

ಹನ್ನೊಂದರಲ್ಲಿ ಆರು ಕಾಳಗಗಳನ್ನು ಲೇಖಕರು ಮತ್ತು ಸಂಪಾದಕರೇ ತೀರ್ಮಾನಿಸಿದರು. ಥಾರ್ ಡಿಸಿಯ ಕ್ಯಾಪ್ಟನ್ ಮಾರ್ವೆಲ್‌ನನ್ನೂ, ಸಿಲ್ವರ್ ಸರ್ಫರ್ ಗ್ರೀನ್ ಲ್ಯಾಂಟರ್ನ್‌ನನ್ನೂ, ಎಲೆಕ್ಟ್ರಾ ಕ್ಯಾಟ್‌ವುಮನ್‌ಳನ್ನೂ ಸೋಲಿಸಿದರು. ಡಿಸಿಯ ಕಡೆಯಲ್ಲಿ ಆಕ್ವಾಮ್ಯಾನ್ ನೇಮರ್‌ನನ್ನೂ, ಫ್ಲ್ಯಾಶ್ ಕ್ವಿಕ್‌ಸಿಲ್ವರ್‌ನನ್ನೂ, ರಾಬಿನ್ ಜೂಬಿಲಿಯನ್ನೂ ಗೆದ್ದರು. ಅಲ್ಲಿಗೆ ಲೆಕ್ಕ ಮೂರು ಮೂರು.

ಉಳಿದ ಐದನ್ನು ಓದುಗರಿಗೆ ಬಿಡಲಾಯಿತು. ಕಾಮಿಕ್ಸ್ ಅಂಗಡಿಗಳ ಮತಪತ್ರಗಳ ಮೂಲಕ, ಆಗಿನ್ನೂ ಎಳವೆಯಲ್ಲಿದ್ದ ಇಂಟರ್‌ನೆಟ್ ಮೂಲಕ ಮತ ಸಂಗ್ರಹಿಸಿ, ಫಲಿತಾಂಶಕ್ಕೆ ತಕ್ಕಂತೆ ಐದೂ ಕಾಳಗಗಳನ್ನು ಮೂರನೆಯ ಸಂಚಿಕೆಯಲ್ಲಿ ಮುಗಿಸಲಾಯಿತು. ಸೂಪರ್‌ಮ್ಯಾನ್ ಹಲ್ಕ್‌ನನ್ನು, ಬ್ಯಾಟ್‌ಮ್ಯಾನ್ ಕ್ಯಾಪ್ಟನ್ ಅಮೆರಿಕನನ್ನು, ಸ್ಪೈಡರ್‌ಮ್ಯಾನ್ ಸೂಪರ್‌ಬಾಯ್‌ನನ್ನು, ವುಲ್ವರಿನ್ ಲೋಬೋನನ್ನು, ಸ್ಟಾರ್ಮ್ ವಂಡರ್ ವುಮನ್‌ಳನ್ನು ಮಣಿಸಿದರು. ಒಟ್ಟಾರೆ ಮಾರ್ವೆಲ್ ಆರು, ಡಿಸಿ ಐದು.

ವಂಡರ್ ವುಮನ್ ಸೋತದ್ದಕ್ಕೆ ಇಂದಿಗೂ ಅಷ್ಟೊಂದು ಅಸಮಾಧಾನ ಏಕೆ?

ಮುಖ್ಯ ಕಾರಣ ಕಥೆಯೊಳಗೇ ಇದೆ. ಥಾರ್‌ನ ಕೈತಪ್ಪಿದ ಸುತ್ತಿಗೆ ವಂಡರ್ ವುಮನ್‌ಗೆ ಸಿಗುತ್ತದೆ. ಅರ್ಹರಲ್ಲದವರು ಅಲುಗಿಸಲೂ ಆಗದ ಆ ಸುತ್ತಿಗೆಯನ್ನು ಅವಳು ಎತ್ತುತ್ತಾಳೆ, ಅದರ ಶಕ್ತಿಯೂ ಅವಳಿಗೆ ಒಲಿಯುತ್ತದೆ. ಆಮೇಲೆ ಸ್ಟಾರ್ಮ್ ಎದುರಾದಾಗ, ಎರವಲು ಬಲದಿಂದ ಹೋರಾಡುವುದು ನ್ಯಾಯವಲ್ಲವೆಂದು ಅದನ್ನು ಪಕ್ಕಕ್ಕಿಟ್ಟು ಕಾಳಗಕ್ಕಿಳಿಯುತ್ತಾಳೆ ಮತ್ತು ಮೇಲಿಂದ ಮೇಲೆ ಎರಗುವ ಸಿಡಿಲಿಗೆ ಸಿಕ್ಕಿ ಬೀಳುತ್ತಾಳೆ. ಓದುಗನಿಗೆ ಒಂದು ಮಹತ್ತಾದ ಕ್ಷಣವನ್ನು ಕೊಟ್ಟು, ಅದರಿಂದ ಏನೂ ಹುಟ್ಟದಂತೆ ಕೂಡಲೇ ಕಸಿದುಕೊಂಡರೆ ಸಿಟ್ಟು ಬಾರದೆ ಇರುತ್ತದೆಯೆ? ದೇವತೆಗಳ ವರ ಪಡೆದು ಹುಟ್ಟಿದವಳೆಂದು ದಶಕಗಳಿಂದ ಓದುತ್ತ ಬಂದ ನಾಯಕಿಯ ಸೋಲು ಕೆಲವೇ ಚೌಕಟ್ಟುಗಳಲ್ಲಿ ಮುಗಿದುಹೋಗುವುದು ಅದರ ಮೇಲಿನ ಗಾಯ.

ಮತಗಳ ಲೆಕ್ಕದಲ್ಲಿ ನೋಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ತೊಂಬತ್ತರ ದಶಕದಲ್ಲಿ ಎಕ್ಸ್-ಮೆನ್ ಅಮೆರಿಕದ ಅಂಗಡಿಗಳಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾಮಿಕ್ಸ್‌ಗಳ ಸಾಲಿನಲ್ಲಿತ್ತು, ಅದರ ಟಿವಿ ಕಾರ್ಟೂನನ್ನು ಮಕ್ಕಳೆಲ್ಲ ನೋಡುತ್ತಿದ್ದರು, ಮತ್ತು ಸ್ಟಾರ್ಮ್ ಆ ತಂಡದ ಮುಂಚೂಣಿಯವಳು. ಮತಪತ್ರ ಹಿಡಿದವರಲ್ಲಿ ಅವಳನ್ನು ಪ್ರತಿ ತಿಂಗಳೂ ಓದುತ್ತಿದ್ದವರು ಹೆಚ್ಚಾಗಿದ್ದರೆ ಅವಳು ಗೆಲ್ಲುವುದು ಸಹಜವೇ. ಇಲ್ಲಿ ಎರಡೂ ಕಡೆಯ ಅಭಿಮಾನಿಗಳು ಒಂದೇ ಗೊಂದಲಕ್ಕೆ ಸಿಲುಕುತ್ತಾರೆ: ಓದುಗರು ಯಾರನ್ನು ಹೆಚ್ಚು ಇಷ್ಟಪಡುತ್ತಾರೆ ಎಂಬ ಪ್ರಶ್ನೆಗೆ ಬಂದ ಉತ್ತರವನ್ನು, ಯಾರು ಹೆಚ್ಚು ಬಲಶಾಲಿ ಎಂಬ ಪ್ರಶ್ನೆಗೆ ಬಂದ ಉತ್ತರವೆಂದು ಓದುತ್ತಾರೆ. ಸ್ಟಾರ್ಮ್ ಗೆದ್ದದ್ದೇ ತಪ್ಪೆನ್ನುವವರ ಮಾತು ನಮಗೆ ಒಪ್ಪಿತವಲ್ಲ, ಏಕೆಂದರೆ ಹವಾಮಾನವನ್ನೇ ಆಳುವವಳಿಗೆ ಗೆಲ್ಲುವ ದಾರಿಗಳು ಬೇಕಾದಷ್ಟಿವೆ. ಆ ದಾರಿಯನ್ನು ಸಂಚಿಕೆ ತೋರಿಸಿಕೊಡಲಿಲ್ಲ ಎಂಬ ದೂರು ಮಾತ್ರ ನ್ಯಾಯವಾದದ್ದು.

ವುಲ್ವರಿನ್ ಮತ್ತು ಲೋಬೊ ಕಾಳಗವನ್ನು ಏಕೆ ಪೂರ್ತಿಯಾಗಿ ತೋರಿಸಲಿಲ್ಲ?

ಇಬ್ಬರೂ ಒಂದು ಬಾರಿನಲ್ಲಿ ಕಾದಾಡುತ್ತ ಕೌಂಟರಿನ ಹಿಂದಕ್ಕೆ ಉರುಳುತ್ತಾರೆ. ಏನು ನಡೆಯಿತೆಂಬುದು ನಮಗೆ ಕಾಣುವುದಿಲ್ಲ. ಕೊನೆಗೆ ವುಲ್ವರಿನ್ ಒಬ್ಬನೇ ಚುಟ್ಟಾ ಸಮೇತ ಎದ್ದು ಬರುತ್ತಾನೆ. ಇಡೀ ಮಾಲಿಕೆಯಲ್ಲಿ ಅತಿ ಹೆಚ್ಚು ಹಾಸ್ಯಕ್ಕೂ ಬೈಗುಳಕ್ಕೂ ಗುರಿಯಾದ ದೃಶ್ಯ ಇದು. ಲೋಬೊ ಸೂಪರ್‌ಮ್ಯಾನ್‌ನೊಂದಿಗೆ ಸರಿಸಮನಾಗಿ ಗುದ್ದಾಡಿದವನು, ರಕ್ತದ ಹನಿಯಿಂದಲೂ ಮತ್ತೆ ಬೆಳೆದುಬಂದವನೆಂದು ಡಿಸಿಯ ಕಥೆಗಳೇ ಹೇಳಿವೆ. ಅಂಥವನನ್ನು ಉಗುರುಗಳ ಬಲದಿಂದ ಸೋಲಿಸುವುದು ಹೇಗೆಂದು ಬರೆಯುವುದು ಕಷ್ಟ. ಐದು ಕಾಳಗಗಳನ್ನು ಒಂದೇ ಸಂಚಿಕೆಯಲ್ಲಿ ತುರುಕಬೇಕಾದಾಗ ಇನ್ನೂ ಕಷ್ಟ. ಅಭಿಮಾನಿಗಳು ಇದನ್ನು ಲೇಖಕರ ಸೋಲೊಪ್ಪಿಗೆ ಎಂದು ಓದಿದರು. ನಮಗೋ ಇದು ಸಂಚಿಕೆಯಲ್ಲೇ ಅತ್ಯಂತ ಪ್ರಾಮಾಣಿಕ ದೃಶ್ಯವೆನಿಸುತ್ತದೆ. ಫಲಿತಾಂಶ ಮತಪೆಟ್ಟಿಗೆಯಿಂದ ಬಂದಿದೆ, ಅದಕ್ಕೆ ಕಾರಣ ಕೊಡಲು ನಮ್ಮಿಂದಾಗದು ಎಂದು ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ.

ಬ್ಯಾಟ್‌ಮ್ಯಾನ್ ಕ್ಯಾಪ್ಟನ್ ಅಮೆರಿಕನನ್ನು ನಿಜವಾಗಿ ಸೋಲಿಸಿದನೆ?

ಲೆಕ್ಕಕ್ಕೆ ಹೌದು. ಮ್ಯಾನ್‌ಹಾಟನ್ನಿನ ಒಳಚರಂಡಿಯಲ್ಲಿ ಇಬ್ಬರೂ ಗಂಟೆಗಟ್ಟಲೆ ಸಮಬಲದಲ್ಲಿ ಕಾದಾಡುತ್ತಾರೆ. ಆಗ ನೀರು ರಭಸದಿಂದ ನುಗ್ಗುತ್ತದೆ, ಬ್ಯಾಟ್‌ಮ್ಯಾನ್ ಎಸೆದ ಬ್ಯಾಟರಾಂಗ್ ಎಂಬ ಆಯುಧ ಕ್ಯಾಪ್ಟನ್ನನಿಗೆ ತಗಲುತ್ತದೆ, ಎಚ್ಚರತಪ್ಪಿ ಕೊಚ್ಚಿಹೋಗಲಿದ್ದವನನ್ನು ಬ್ಯಾಟ್‌ಮ್ಯಾನ್ನೇ ಹಿಡಿದು ಉಳಿಸುತ್ತಾನೆ. ನೀರು ನುಗ್ಗದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಯನ್ನು ಕಥೆ ಬೇಕೆಂದೇ ತೆರೆದಿಟ್ಟಿದೆ. ಗೆದ್ದವರ ಅಭಿಮಾನಿಗಳಿಗೆ ಗೆಲುವೂ ಸಿಕ್ಕಿತು, ಸೋತವರ ಅಭಿಮಾನಿಗಳಿಗೆ ನೆಪವೂ ಸಿಕ್ಕಿತು. ವಂಡರ್ ವುಮನ್ ಸೋಲಿಗೆ ಬಂದಷ್ಟು ಆಕ್ಷೇಪ ಈ ಸೋಲಿಗೆ ಬರದಿರಲು ಇದೇ ಕಾರಣವಿರಬೇಕು.

ಸ್ಪೈಡರ್‌ಮ್ಯಾನ್ ಮತ್ತು ಸೂಪರ್‌ಬಾಯ್ ಕಾಳಗದ ವಿಶೇಷವೇನು?

ಇಬ್ಬರೂ ಆ ಹೊತ್ತಿಗೆ ತದ್ರೂಪಿಗಳ ಕಥೆಯಲ್ಲಿ ಸಿಲುಕಿದ್ದವರು. ಸೂಪರ್‌ಬಾಯ್ ಪ್ರಯೋಗಾಲಯದಲ್ಲಿ ಹುಟ್ಟಿದವನು. 1996ರಲ್ಲಿ ಸ್ಪೈಡರ್‌ಮ್ಯಾನ್ ವೇಷ ತೊಟ್ಟಿದ್ದವನು ಎಂದಿನ ಪೀಟರ್ ಪಾರ್ಕರ್ ಅಲ್ಲ, ಅವನ ತದ್ರೂಪಿ ಬೆನ್ ರೈಲಿ. ಈಗ ಈ ಸಂಚಿಕೆಯನ್ನು ಮೊದಲ ಬಾರಿಗೆ ಓದುವವರು ವೇಷದ ವಿನ್ಯಾಸವನ್ನು ನೋಡಿ ಗಲಿಬಿಲಿಗೊಳ್ಳುವುದು ಈ ಕಾರಣಕ್ಕೆ. ಕಾಳಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಲೇಖಕರು ಪಕ್ಷಪಾತ ಮಾಡಿದರು ಎಂಬ ಆರೋಪದಲ್ಲಿ ಹುರುಳಿದೆಯೆ?

ಹೆಚ್ಚೇನಿಲ್ಲ. ಇಬ್ಬರೂ ಎರಡೂ ಸಂಸ್ಥೆಗಳಿಗೆ ಬರೆದವರು. 1994ರಲ್ಲಿ ಕೈಲ್ ರೇನರ್ ಎಂಬ ಹೊಸ ಗ್ರೀನ್ ಲ್ಯಾಂಟರ್ನ್‌ನನ್ನು ರೂಪಿಸಿದವರು ರಾನ್ ಮಾರ್ಜ್. ಅದಕ್ಕೂ ಮೊದಲು ಮಾರ್ವೆಲ್‌ನಲ್ಲಿ ಸಿಲ್ವರ್ ಸರ್ಫರ್ ಕಥೆಗಳನ್ನು ವರ್ಷಗಟ್ಟಲೆ ಬರೆದವರೂ ಅವರೇ. ಈ ಇಬ್ಬರು ಎದುರಾದಾಗ ಸೋತದ್ದು ಅವರು ತಾವೇ ಸೃಷ್ಟಿಸಿದ ಪಾತ್ರ. 2025ರ ಮೇ ತಿಂಗಳಲ್ಲಿ ನಿಧನರಾದ ಪೀಟರ್ ಡೇವಿಡ್ ಅವರಂತೂ ಒಂದೇ ಕಾಲದಲ್ಲಿ ಮಾರ್ವೆಲ್‌ಗೆ ಹಲ್ಕ್ ಕಥೆಯನ್ನೂ ಡಿಸಿಗೆ ಆಕ್ವಾಮ್ಯಾನ್ ಕಥೆಯನ್ನೂ ಬರೆಯುತ್ತಿದ್ದರು. ಅವರ ಆಕ್ವಾಮ್ಯಾನ್ ತಿಮಿಂಗಿಲವೊಂದನ್ನು ಕರೆದು ನೇಮರ್‌ನ ಮೇಲೆ ಬೀಳಿಸಿ ಗೆದ್ದ. ಅವರ ಹಲ್ಕ್ ಓದುಗರ ಮತದಿಂದ ಸೋತ. ಪಕ್ಷಪಾತ ಮಾಡಬೇಕೆಂದಿದ್ದರೂ ಯಾವ ಪಕ್ಷಕ್ಕೆ ಮಾಡುವುದೆಂದು ತಿಳಿಯದ ಸ್ಥಿತಿಯಲ್ಲಿ ಇಬ್ಬರೂ ಇದ್ದರು.

ತಿಮಿಂಗಿಲದ ಗೆಲುವು ಲೇಖಕರ ತೀರ್ಮಾನವಾದರೂ ಅದಕ್ಕೆ ಕಾರಣ ಕಣ್ಣಮುಂದಿದೆ. ಬಲದಲ್ಲಿ ನೇಮರ್ ಮೇಲು ಎಂದು ವಾದಿಸುವವರು ಕೂಡ, ಸಮುದ್ರ ಜೀವಿಗಳನ್ನು ಕರೆಯಬಲ್ಲವನು ಹೀಗೆ ಗೆಲ್ಲಬಹುದೆಂದು ಒಪ್ಪುತ್ತಾರೆ. ರಾಬಿನ್ ತನ್ನ ಮೇಲಂಗಿಯನ್ನು ಬೆದರುಗೊಂಬೆಯಂತೆ ಮುಂದೊಡ್ಡಿ ಜೂಬಿಲಿಯನ್ನು ಮೋಸಗೊಳಿಸಿ ಕಟ್ಟಿಹಾಕುವುದೂ ಹಾಗೆಯೇ. ಲೇಖಕರು ಗೆಲುವನ್ನು ಯೋಚಿಸಿದ ಕಡೆ ಓದುಗರು ತಕರಾರಿಲ್ಲದೆ ಒಪ್ಪಿಕೊಂಡರು. ತಾವೇ ಮತ ಹಾಕಿ ಪಡೆದ ಗೆಲುವುಗಳ ಮೇಲೆ ಹೆಚ್ಚು ಜಗಳವಾಡಿದರು. ಈ ಮಾಲಿಕೆಯ ಬಗ್ಗೆ ನಾವು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ.

ಡಿಸಿ ಸೋತಿದ್ದರೂ ಅದರ ವಿಶ್ವ ಏಕೆ ಅಳಿಯಲಿಲ್ಲ?

ಅಳಿಯುವುದಿಲ್ಲವೆಂದು ಓದುಗರಿಗೆ ಮೊದಲೇ ಗೊತ್ತಿತ್ತು. ಮರುತಿಂಗಳು ಸೂಪರ್‌ಮ್ಯಾನ್ ಸಂಚಿಕೆ ಅಂಗಡಿಗೆ ಬರಲೇಬೇಕಲ್ಲ. ಕಥೆಯೊಳಗೆ, ಡಿಸಿಯ ಸ್ಪೆಕ್ಟರ್ ಮತ್ತು ಮಾರ್ವೆಲ್‌ನ ಲಿವಿಂಗ್ ಟ್ರೈಬ್ಯುನಲ್ ಎಂಬ ಮಹಾಶಕ್ತಿಗಳು ವಿನಾಶವನ್ನು ತಡೆಯಲು ಎರಡು ವಿಶ್ವಗಳನ್ನು ಬೆರೆಸಿಬಿಡುತ್ತವೆ. ಎರಡೂ ಲೋಕಗಳ ನಡುವೆ ಓಡಾಡಬಲ್ಲ ಆಕ್ಸೆಸ್ ಎಂಬ ಯುವಕನು ನಾಲ್ಕನೆಯ ಸಂಚಿಕೆಯಲ್ಲಿ ಅವನ್ನು ಮತ್ತೆ ಬೇರ್ಪಡಿಸುತ್ತಾನೆ, ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕರ ನೆರವಿನಿಂದ ಸೋದರರ ವೈರವೂ ಶಮನವಾಗುತ್ತದೆ. ಯಾರಿಗೂ ಏನೂ ನಷ್ಟವಿಲ್ಲ. ಇದು ಎರಡನೆಯ ದೊಡ್ಡ ದೂರು: ನಮ್ಮಿಂದ ಮತ ಹಾಕಿಸಿಕೊಂಡು, ಆರಕ್ಕೆ ಐದೆಂದು ಎಣಿಸಿ, ಕೊನೆಗೆ ಎಣಿಕೆಯನ್ನೇ ಬದಿಗೆ ಸರಿಸಿದರಲ್ಲ ಎಂಬುದು. ದೂರು ನಿಜ, ಆದರೆ ಎರಡು ಸಂಸ್ಥೆಗಳ ಒಪ್ಪಂದದ ಕಥೆಯೊಂದಕ್ಕೆ ಬೇರೆ ಯಾವ ಮುಕ್ತಾಯ ಸಾಧ್ಯವಿತ್ತೆಂದು ದೂರುವವರೂ ಹೇಳಲಾರರು. ಅಂದಹಾಗೆ, ಈ ಆಕ್ಸೆಸ್ ಪಾತ್ರದ ಒಡೆತನ ಎರಡೂ ಸಂಸ್ಥೆಗಳಿಗೆ ಜಂಟಿಯಾಗಿ ಸೇರಿದ್ದು, ಕಾಮಿಕ್ಸ್ ಲೋಕದಲ್ಲಿ ಬಹು ಅಪರೂಪದ ಏರ್ಪಾಡು.

ಅಮಾಲ್ಗಮ್ ಕಥೆಗಳನ್ನು ಓದುಗರು ಹೇಗೆ ಸ್ವೀಕರಿಸಿದರು?

ಮುಖ್ಯ ಕಥೆಗಿಂತ ಹೆಚ್ಚು ಅಕ್ಕರೆಯಿಂದ. ಮೂರನೆಯ ಮತ್ತು ನಾಲ್ಕನೆಯ ಸಂಚಿಕೆಗಳ ನಡುವೆ, ಬೆರೆತ ವಿಶ್ವದ ಕಥೆಗಳೆಂದು ಅಮಾಲ್ಗಮ್ ಹೆಸರಿನಲ್ಲಿ ಹನ್ನೆರಡು ಬಿಡಿ ಸಂಚಿಕೆಗಳು ಹೊರಬಂದವು. 1997ರಲ್ಲಿ ಇನ್ನೂ ಹನ್ನೆರಡು ಬಂದವು. ಬ್ಯಾಟ್‌ಮ್ಯಾನ್ ಮತ್ತು ವುಲ್ವರಿನ್ ಒಂದಾಗಿ ಡಾರ್ಕ್ ಕ್ಲಾ ಆದರು, ಸೂಪರ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಸೇರಿ ಸೂಪರ್ ಸೋಲ್ಜರ್ ಆದರು, ಜಗಳಕ್ಕೆ ಕಾರಣವಾದ ಸ್ಟಾರ್ಮ್ ಮತ್ತು ವಂಡರ್ ವುಮನ್ ಬೆರೆತು ಅಮೆಜಾನ್ ಎಂಬ ಒಬ್ಬಳೇ ನಾಯಕಿಯಾದರು. ಈ ವಿಶ್ವಕ್ಕೆ ದಶಕಗಳ ಇತಿಹಾಸವಿದೆಯೆಂದು ನಟಿಸುತ್ತ, ಎಂದೂ ಅಚ್ಚಾಗದ ಹಿಂದಿನ ಸಂಚಿಕೆಗಳನ್ನು ಉಲ್ಲೇಖಿಸುವ ಕಲ್ಪಿತ ಓದುಗರ ಪತ್ರಗಳನ್ನು ಕೂಡ ಆ ಸಂಚಿಕೆಗಳಲ್ಲಿ ಅಚ್ಚು ಹಾಕಿದ್ದರು. ಅಭಿಮಾನಿಗಳ ಮೆಚ್ಚುಗೆ, ಆಕ್ಷೇಪ, ಚಿಕ್ಕ ತಪ್ಪು ಹಿಡಿದು ಬರೆಯುವ ಚಾಳಿ ಎಲ್ಲವನ್ನೂ ಅಣಕಿಸುವ ಆ ಪತ್ರಗಳನ್ನು ಓದಿ ನಿಜವಾದ ಅಭಿಮಾನಿಗಳು ಬೇಸರಿಸಿಕೊಳ್ಳುವ ಬದಲು ಕುಣಿದಾಡಿದರು. ಯಾರೂ ಯಾರನ್ನೂ ಸೋಲಿಸಬೇಕಿಲ್ಲದ ಕಡೆ ಎರಡೂ ಬಣಗಳು ಒಟ್ಟಿಗೆ ನಕ್ಕವು.

ಓದುಗರ ಮತದಿಂದ ಕಥೆ ತೀರ್ಮಾನವಾದದ್ದು ಇದೇ ಮೊದಲೆ?

ಅಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಡಿಸಿ, ಎರಡನೆಯ ರಾಬಿನ್ ಆದ ಜೇಸನ್ ಟಾಡ್ ಬದುಕಬೇಕೆ ಸಾಯಬೇಕೆ ಎಂದು ದೂರವಾಣಿ ಮೂಲಕ ಕೇಳಿತು. ಕರೆಯೊಂದಕ್ಕೆ 50 ಸೆಂಟ್. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271; ಅಂತರ ಕೇವಲ 72. ಎರಡೂ ಮುಕ್ತಾಯಗಳನ್ನು ಮೊದಲೇ ಬರೆದು ಸಿದ್ಧಮಾಡಿಟ್ಟಿದ್ದರಿಂದ ಹುಡುಗನ ಸಾವಿಗೆ ಕಥೆಯಲ್ಲಿ ಕಾರಣವಿತ್ತು, ಆ ಸಾವು ಮುಂದಿನ ಬ್ಯಾಟ್‌ಮ್ಯಾನ್ ಕಥೆಗಳ ಮೇಲೆ ವರ್ಷಗಳ ಕಾಲ ನೆರಳು ಚೆಲ್ಲಿತು. ಒಂದು ಮಗುವಿನ ಸಾವನ್ನು ಮತಕ್ಕಿಡುವುದೇ ಹೇಯವೆಂದು ಹಲವರು ಖಂಡಿಸಿದರು, ಮತ್ತು ಆ ಖಂಡನೆ ಸಕಾರಣವಾದದ್ದೇ. ಆದರೆ ಕಥೆ ಸುಳ್ಳಾಯಿತೆಂದು ಯಾರೂ ದೂರಲಿಲ್ಲ. 1996ರಲ್ಲಿ ಆದದ್ದು ಇದಕ್ಕೆ ತಿರುಗುಮುರುಗು.

ಓದುಗರ ಸಿಟ್ಟಿಗೆ ಹೆದರಿ ಸಂಸ್ಥೆಗಳು ಮುಂದಿನ ಸಂಚಿಕೆಯನ್ನು ಬದಲಿಸುತ್ತವೆಯೆ?

ಬಹುಮಟ್ಟಿಗೆ ಇಲ್ಲ, ಏಕೆಂದರೆ ಬದಲಿಸಲು ಸಮಯವಿರುವುದಿಲ್ಲ. ಒಂದು ಸಂಚಿಕೆ ಅಂಗಡಿಗೆ ಬರುವ ಹೊತ್ತಿಗೆ ಮುಂದಿನದರ ಚಿತ್ರ ಮುಗಿದಿರುತ್ತದೆ, ಅದರ ಮುಂದಿನದರ ಕಥೆ ಬರೆದಾಗಿರುತ್ತದೆ. ಅಮೆರಿಕದ ಕಾಮಿಕ್ಸ್ ಅಂಗಡಿಗಳು ತಿಂಗಳುಗಳ ಮೊದಲೇ ಪ್ರತಿಗಳಿಗೆ ಆರ್ಡರ್ ಕೊಡುತ್ತವೆ, ಮಾರಾಟವಾಗದ ಪ್ರತಿಗಳನ್ನು ಸಾಮಾನ್ಯವಾಗಿ ಹಿಂತಿರುಗಿಸುವಂತಿಲ್ಲ. ಆದ್ದರಿಂದ ಪ್ರಕಾಶಕರ ಕಿವಿಗೆ ಮೊದಲು ಬೀಳುವುದು ಅಭಿಮಾನಿಯ ಕೂಗಲ್ಲ, ಮುಂದಿನ ಮಾಲಿಕೆಗೆ ಪ್ರತಿಗಳನ್ನು ಕಡಿಮೆ ತರಿಸುವ ಅಂಗಡಿಯವನ ಆರ್ಡರ್.

2016ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಅಮೆರಿಕ ತಾನು ಹೈಡ್ರಾ ಎಂಬ ದುಷ್ಟ ಸಂಘಟನೆಯವನೆಂದು ಘೋಷಿಸಿದಾಗ ಎದ್ದ ಕೋಲಾಹಲ ಇದಕ್ಕೆ ಒಳ್ಳೆಯ ನಿದರ್ಶನ. ನಾಜಿಗಳ ವಿರುದ್ಧ ಇಬ್ಬರು ಯಹೂದಿ ಕಲಾವಿದರಾದ ಜೋ ಸೈಮನ್ ಮತ್ತು ಜಾಕ್ ಕರ್ಬಿ ರೂಪಿಸಿದ ಪಾತ್ರವನ್ನು ಹೀಗೆ ಮಾಡಬಹುದೆ ಎಂಬುದು ಓದುಗರ ಪ್ರಶ್ನೆ, ಮತ್ತು ಅದು ಬಲಾಬಲದ ಜಗಳಕ್ಕಿಂತ ಬಹಳ ಗಂಭೀರವಾದ ಪ್ರಶ್ನೆ. ಆ ಎಳೆಯಿಂದ 2017ರಲ್ಲಿ ದೊಡ್ಡ ಕ್ರಾಸ್‌ಓವರ್ ಒಂದು ಹುಟ್ಟಿದಾಗ, ಕಥೆ ಮುಗಿಯುವವರೆಗೆ ತಾಳ್ಮೆಯಿಂದಿರಬೇಕೆಂದು ಮಾರ್ವೆಲ್ ಬಹಿರಂಗವಾಗಿ ಕೋರಿತು. ಕಥೆ ಮೊದಲೇ ಹಾಕಿದ ದಾರಿಯಲ್ಲಿ ನಡೆದು ಮುಗಿಯಿತು.

ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಕ್ರಾಸ್‌ಓವರ್‌ಗೆ ಇಂಥ ದೂರುಗಳು ಏಕೆ ಬರಲಿಲ್ಲ?

ಬಂದವು, ಆದರೆ ಅವುಗಳ ದನಿ ಬೇರೆ. 1983ರಲ್ಲೇ ಜಾರ್ಜ್ ಪೆರೆಜ್ ಚಿತ್ರಿಸಲು ಆರಂಭಿಸಿ, ಎರಡು ಸಂಸ್ಥೆಗಳ ಸಂಪಾದಕರ ಕಿತ್ತಾಟದಲ್ಲಿ ನಿಂತುಹೋಗಿದ್ದ ಈ ಯೋಜನೆ, 2003 ಮತ್ತು 2004ರಲ್ಲಿ ಕರ್ಟ್ ಬ್ಯೂಸಿಕ್ ಅವರ ಕಥೆಯೊಂದಿಗೆ, ಪೆರೆಜ್ ಅವರದೇ ಚಿತ್ರಗಳಲ್ಲಿ, ನಾಲ್ಕು ಸಂಚಿಕೆಗಳಾಗಿ ಕೈಗೂಡಿತು. ಇಲ್ಲಿ ಮತವಿಲ್ಲ. ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಎದುರಾಗಿ, ಒಬ್ಬರ ವರಸೆಯನ್ನು ಇನ್ನೊಬ್ಬರು ಅಳೆದುನೋಡಿ, ಈ ಕಾಳಗ ಮುಗಿಯಲು ಬಹಳ ಹೊತ್ತು ಬೇಕೆಂದು ಅರಿತು, ಹೊಡೆದಾಟ ಬಿಟ್ಟು ಒಟ್ಟಿಗೆ ತನಿಖೆಗೆ ಹೊರಡುತ್ತಾರೆ. ಇಬ್ಬರ ಸ್ವಭಾವವನ್ನೂ ಬಲ್ಲವರು ಬರೆದ ಪುಟವೆಂದು ಎರಡೂ ಕಡೆಯವರು ಇದನ್ನು ಇಂದಿಗೂ ಮೆಚ್ಚುತ್ತಾರೆ. ಅದೇ ಎರಡನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಥಾರ್‌ನ ಸುತ್ತಿಗೆಯ ಹೊಡೆತವನ್ನು ಕೈಯಲ್ಲೇ ತಡೆದು ಅವನನ್ನು ಕೆಡವುವುದಕ್ಕೆ ಮಾರ್ವೆಲ್ ಅಭಿಮಾನಿಗಳು ಕೆರಳಿದ್ದುಂಟು. ಆದರೆ ಆ ಹೋರಾಟ ಪುಟದ ಮೇಲೆ ನಡೆದಿದೆ. ವಾದಿಸುವವನು ಚೌಕಟ್ಟಿಗೆ ಬೆರಳಿಟ್ಟು ವಾದಿಸಬಹುದು.

ಪೆರೆಜ್ ತಮಗೆ ಗುಣವಾಗದ ಕ್ಯಾನ್ಸರ್ ಇರುವುದನ್ನು 2021ರ ಕೊನೆಯಲ್ಲಿ ತಿಳಿಸಿದ ಮೇಲೆ, ಸಂಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಹೀರೊ ಇನಿಶಿಯೇಟಿವ್ ಸಂಸ್ಥೆ 2022ರಲ್ಲಿ ಈ ಕೃತಿಯ 7,000 ಪ್ರತಿಗಳನ್ನು ಮರುಮುದ್ರಿಸಿತು. ಅವರು ಅದೇ ವರ್ಷದ ಮೇ 6ರಂದು ತೀರಿಕೊಂಡರು. ಆಗ ಓದುಗರ ದೂರು ಒಂದೇ ಇತ್ತು: ಪ್ರತಿಗಳು ಸಾಲಲಿಲ್ಲ.

2025ರ ಸಂಚಿಕೆಗಳು ಈ ಜಗಳವನ್ನು ತೀರಿಸಿದವೆ?

ತೀರಿಸಲು ಹೋಗಲಿಲ್ಲ, ಅದೇ ಜಾಣತನ. ಮಾರ್ವೆಲ್‌ನ ಸಂಚಿಕೆಯನ್ನು ಜೆಬ್ ವೆಲ್ಸ್ ಬರೆದು ಗ್ರೆಗ್ ಕಪುಲೊ ಚಿತ್ರಿಸಿದರೆ, ಡಿಸಿಯದನ್ನು ಗ್ರ್ಯಾಂಟ್ ಮಾರಿಸನ್ ಬರೆದು ಡ್ಯಾನ್ ಮೋರಾ ಚಿತ್ರಿಸಿದರು. ಮುಖ್ಯ ಕಥೆಯ ಜೊತೆಗೆ ಹಲವು ಚಿಕ್ಕ ಕಥೆಗಳಲ್ಲಿ ಇತರ ಜೋಡಿಗಳನ್ನೂ ತಂದಿದ್ದಾರೆ; ಮಾರ್ವೆಲ್‌ನ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕ ಮತ್ತು ವಂಡರ್ ವುಮನ್ ಜೊತೆಯಾಗುತ್ತಾರೆ, ಸೂಪರ್‌ಮ್ಯಾನ್‌ನ ನಾಯಿ ಕ್ರಿಪ್ಟೊ ಮತ್ತು ಜೆಫ್ ಎಂಬ ಪುಟ್ಟ ಶಾರ್ಕ್ ಕೂಡ ಎದುರಾಗುತ್ತಾರೆ. ಅಂಕಪಟ್ಟಿಯೂ ಇಲ್ಲ, ವಿಶ್ವನಾಶದ ಪಂಥವೂ ಇಲ್ಲ. ಗೆಲುವು ಸೋಲಿನ ಲೆಕ್ಕವಿಲ್ಲದೆ ಮುಖಾಮುಖಿಗೆ ರುಚಿಯೇನು ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಉತ್ತರವೆಂದರೆ, 1976ರಲ್ಲಿ ಬಂದ ಮೊದಲ ಸೂಪರ್‌ಮ್ಯಾನ್–ಸ್ಪೈಡರ್‌ಮ್ಯಾನ್ ಸಂಚಿಕೆಯಲ್ಲೂ ಇಬ್ಬರ ಹೊಡೆದಾಟ ಸಮಬಲದಂತೆ ಕಾಣಲು ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್‌ನ, ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸುವ ಕೆಂಪು ಸೂರ್ಯನ ಕಿರಣದ ತಂತ್ರ ಬೇಕಾಗಿತ್ತು. ಕಿರಣದ ಪ್ರಭಾವ ಇಳಿದೊಡನೆ ಇಬ್ಬರೂ ಒಂದಾದರು.

ಈಗ ಇವನ್ನು ಓದುವುದು ಹೇಗೆ?

1996ರ ನಾಲ್ಕು ಸಂಚಿಕೆಗಳನ್ನು ಅಮಾಲ್ಗಮ್ ಕಥೆಗಳೊಂದಿಗೆ ಸೇರಿಸಿದ ದಪ್ಪ ಸಂಪುಟ 2024ರಲ್ಲಿ ಮತ್ತೆ ಅಚ್ಚಾಗಿದೆ; ಬೆಲೆ ದುಬಾರಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕುವ ತಾಳ್ಮೆಯಿದ್ದವರಿಗೆ ಬಿಡಿ ಸಂಚಿಕೆಗಳೂ ಸಿಕ್ಕಾವು. ನಾಲ್ಕನ್ನೂ ಓದುವ ಪುರುಸೊತ್ತಿಲ್ಲದವರು ಮೂರನೆಯ ಸಂಚಿಕೆಯನ್ನೂ, ಅದರ ಮಗ್ಗುಲಲ್ಲೇ ಜಸ್ಟಿಸ್ ಲೀಗ್–ಅವೆಂಜರ್ಸ್ ಮಾಲಿಕೆಯ ಎರಡನೆಯ ಸಂಚಿಕೆಯನ್ನೂ ಇಟ್ಟುಕೊಂಡು, ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಎದುರಾಗುವ ಪುಟಗಳನ್ನು ಹೋಲಿಸಿ ನೋಡಲಿ.